ಹಳೇ ಫೈಬರ್ ದೋಣಿಯ ನೆಲ ಲಡ್ಡಾಗಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕುಣಿಗಲ್ ಕಡೆಯವನು. ಮಾರ್ಕೋನಹಳ್ಳಿ ಜಲಾಶಯದಲ್ಲಿ ಮೀನು ಹಿಡಿಯೋಣ ಅಂತ ಕರಾವಳಿಯಿಂದ 14 ಅಡಿಯ ಹಳೇ ಫೈಬರ್ ದೋಣಿಯೊಂದನ್ನು ಲಾರಿ ಮೇಲೆ ಹೇರಿಕೊಂಡು ಬಂದೆ. ಅದರ ನೆಲವನ್ನು ಎರಡು ಸಲ ಕಿತ್ತು ಹಾಕಿದ್ದೇನೆ. ಮೊದಲ ಸಲ ತಪ್ಪಾಗಿ, ಎರಡನೇ ಸಲ ಸರಿಯಾಗಿ. ಆಮೇಲೆ ಕೊರಟಗೆರೆ, ಗುಬ್ಬಿ, ಚಿಂತಾಮಣಿ ಕಡೆಯವರೆಲ್ಲ ಫೋನ್ ಮಾಡಿ ಅದೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಇಲ್ಲಿ 'ನೆಲ' ಅಂದರೆ ನಾವು ಕಾಲಿಡುವ ಹಲಗೆ. 'ಒಡಲು' ಅಂದರೆ ನೀರಿಗೆ ತಾಗುವ ಹೊರಮೈ. ನೆಲದ ಕೆಳಗೆ ಉದ್ದಕ್ಕೆ ಹೋಗುವ ಪಟ್ಟಿಗಳನ್ನು 'ತೊಲೆ' ಅಂದಿದ್ದೇನೆ. ಫೈಬರ್ ಕೆಲಸದವರು ಅದನ್ನು ಸ್ಟ್ರಿಂಗರ್ ಅನ್ನುತ್ತಾರೆ. 'ಫೈಬರ್' ಅಂದರೆ ಗಾಜಿನ ಎಳೆಗೆ 'ರೆಸಿನ್' ಅನ್ನುವ ಅಂಟು ದ್ರವ ಕುಡಿಸಿ ಗಟ್ಟಿ ಮಾಡಿದ್ದು. ಪಾಲಿಯೆಸ್ಟರ್, ಎಪಾಕ್ಸಿ ಅಂತ ರೆಸಿನ್‌ನಲ್ಲಿ ಎರಡು ಬಗೆ.

ಫೈಬರ್ ಕೊಳೆಯೋದಿಲ್ಲ ಅಂತಾರಲ್ಲ. ಮತ್ತೆ ನೆಲ ಯಾಕೆ ಮೆತ್ತಗಾಯಿತು?

ಫೈಬರ್ ಕೊಳೆಯೋದಿಲ್ಲ, ನಿಜ. ಆದರೆ ಹಳೇ ದೋಣಿಗಳಲ್ಲಿ ನೆಲ ಬರೀ ಫೈಬರ್ ಅಲ್ಲ. ನಡುವೆ ಪ್ಲೈವುಡ್, ಅದರ ಮೇಲೊಂದು ತೆಳು ಫೈಬರ್ ಹೊದಿಕೆ. ಸೀಟಿನ ಸ್ಕ್ರೂ ತೂತು, ಲಂಗರು ಬಿದ್ದು ಆದ ಬಿರುಕು, ಅಂಚಿನ ಸೀಳು, ಹೀಗೆ ಎಲ್ಲೋ ಒಂದು ಕಡೆ ನೀರು ಇಳಿಯುತ್ತದೆ. ಇಳಿದ ನೀರಿಗೆ ಆರಿ ಹೋಗಲು ದಾರಿಯೇ ಇರುವುದಿಲ್ಲ. ಮೇಲೆ ಕೆಳಗೆ ಎರಡೂ ಕಡೆ ಪ್ಲಾಸ್ಟಿಕ್ ಸುತ್ತಿದ ಹಾಗೆ. ಮರದ ತೇವ ಶೇಕಡ 20ಕ್ಕಿಂತ ಕೆಳಗಿದ್ದರೆ ಮರ ತಿನ್ನುವ ಬೂಷ್ಟು ಬೆಳೆಯೋದಿಲ್ಲ. ಒಳಗೆ ಸಿಕ್ಕಿಬಿದ್ದ ನೀರು ಆ ಮಟ್ಟಕ್ಕೆ ಇಳಿಯಲು ಬಿಡುವುದಿಲ್ಲ.

ನಮ್ಮದು ಒಣ ಸೀಮೆ. ಬೇಸಿಗೆಯಲ್ಲಿ ಕೆರೆಯೇ ಬತ್ತುತ್ತದೆ. ಇಲ್ಲೂ ಕೊಳೆಯುತ್ತದಾ?

ಜಾಸ್ತಿ ಜನ ಎಡವುವುದು ಇಲ್ಲೇ. ದೋಣಿಯ ಮರವನ್ನು ಕೊಳೆಸುವುದು ಕೆರೆಯ ನೀರಿಗಿಂತ ಹೆಚ್ಚಾಗಿ ಮಳೆಯ ನೀರು. ಉಪ್ಪು ನೀರು ಬೂಷ್ಟನ್ನು ಸ್ವಲ್ಪ ತಡೆಯುತ್ತದೆ, ಸಿಹಿನೀರಿಗೆ ಆ ಗುಣ ಇಲ್ಲ. ಸಮುದ್ರದಲ್ಲಿ ಹತ್ತು ವರ್ಷ ಗಟ್ಟಿಯಾಗಿದ್ದ ನೆಲ ನಮ್ಮಲ್ಲಿಗೆ ಬಂದ ಎರಡು ಮೂರು ವರ್ಷಕ್ಕೆ ಲಡ್ಡಾದರೆ ಆಶ್ಚರ್ಯ ಪಡಬೇಕಿಲ್ಲ.

ನಮ್ಮ ಕಡೆ ದೋಣಿ ಇಡುವ ಚಂದವನ್ನು ನೆನಪು ಮಾಡಿಕೊಳ್ಳಿ. ಕೆರೆ ಬತ್ತಿದಾಗ ಹುಣಸೆ ಮರದ ಕೆಳಗೆ ಎಳೆದು ಬಿಡುತ್ತೇವೆ, ಬಾಯಿ ಮೇಲೆ ಮಾಡಿ. ಎಲೆ ಉದುರಿ ನೀರು ಹೋಗುವ ತೂತು ಕಟ್ಟಿಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನ ದೊಡ್ಡ ಮಳೆ ಒಳಗೇ ನಿಲ್ಲುತ್ತದೆ. ಅದಕ್ಕಿಂತ ನೀರಿನ ಮೇಲೆ ತೇಲುತ್ತಾ ಇದ್ದಿದ್ದರೇ ಚೆನ್ನಾಗಿರುತ್ತಿತ್ತು ಅನ್ನಿಸುತ್ತದೆ.

ಕೊಳೆತಿದೆ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ಚಪ್ಪಲಿ ಬಿಟ್ಟು ಹಿಮ್ಮಡಿ ಊರಿ ನಡೆಯಿರಿ. ಗಟ್ಟಿ ನೆಲ ಕಾಲಿಗೆ ಗೊತ್ತಾಗುತ್ತದೆ. ಕೊಳೆತದ್ದು ಹಸಿ ಗದ್ದೆ ಬದುವಿನ ಹಾಗೆ ಜಗ್ಗುತ್ತದೆ. ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಅಂಗೈ ಅಗಲಕ್ಕೊಂದು ಸಲ ತಟ್ಟಿ. ಒಳ್ಳೇ ಜಾಗ 'ಟಕ್' ಅನ್ನುತ್ತದೆ, ಕೆಟ್ಟ ಜಾಗ 'ಡಬ್' ಅನ್ನುತ್ತದೆ. ತೆಂಗಿನಕಾಯಿ ತಟ್ಟಿ ನೋಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸೀಮೆಸುಣ್ಣದಲ್ಲಿ ಗಡಿ ಎಳೆಯುತ್ತಾ ಹೋಗಿ.

ಕೊನೇ ಪರೀಕ್ಷೆ ಡ್ರಿಲ್. ಅನುಮಾನ ಇರುವ ಕಡೆ ಸಣ್ಣ ಬಿಟ್‌ನಿಂದ ನೆಲದ ಹಲಗೆಯಷ್ಟೇ ಆಳಕ್ಕೆ ತೂತು ಮಾಡಿ. ಬಿಟ್ ಸುತ್ತ ಟೇಪ್ ಸುತ್ತಿ ಗುರುತು ಮಾಡಿಕೊಂಡರೆ ಒಡಲು ತೂತಾಗುವುದಿಲ್ಲ. ಬಂದ ಪುಡಿ ತಿಳಿ ಬಣ್ಣದ್ದಾಗಿದ್ದು ಒಣಗಿದ್ದರೆ ಮರ ಚೆನ್ನಾಗಿದೆ. ಕಾಫಿ ಚರಟದ ಹಾಗೆ ಕಪ್ಪಗೆ, ಹಸಿಯಾಗಿ ಬಂದರೆ ಮುಗಿಯಿತು.

ನೆಲ ಕೆಟ್ಟಿದ್ದರೆ ಎಂಜಿನ್ ಕೂರುವ ಹಿಂದಿನ ಗೋಡೆಯನ್ನೂ ತಟ್ಟಿ ನೋಡಿ. ಅದರೊಳಗೂ ಪ್ಲೈವುಡ್ಡೇ ಇರುತ್ತದೆ. ಎಂಜಿನ್ ಹಿಡಿದು ಹಿಂದೆ ಮುಂದೆ ಆಡಿಸಿದಾಗ ಗೋಡೆ ಬಾಗಿದರೆ ಕೆಲಸ ಎರಡರಷ್ಟು.

ಕೊಳೆತವಾ, ಗೆದ್ದಲಾ?

ಮಣ್ಣಿನ ಮೇಲೆ ಮರದ ದಿಮ್ಮಿ ಇಟ್ಟು ದೋಣಿ ನಿಲ್ಲಿಸಿದ್ದರೆ ಗೆದ್ದಲೂ ಹತ್ತುತ್ತದೆ. ಮಣ್ಣಿನ ಕೊಳವೆ ಕಂಡರೆ ಅದು ಗೆದ್ದಲೇ. ಮರ ಪದರ ಪದರವಾಗಿ, ಒಳಗೆ ಮಣ್ಣು ತುಂಬಿಕೊಂಡು ಟೊಳ್ಳಾಗಿರುತ್ತದೆ. ರಿಪೇರಿ ಎರಡಕ್ಕೂ ಒಂದೇ, ಆದರೆ ಮೊದಲು ದೋಣಿಯನ್ನು ಆ ಜಾಗದಿಂದ ಎತ್ತಿ ಕಲ್ಲಿನ ಮೇಲೋ ಕಾಂಕ್ರೀಟ್ ಬ್ಲಾಕ್ ಮೇಲೋ ಇಡಿ.

ಮೇಲೊಂದು ಹೊಸ ಹಲಗೆ ಹೊಡೆದು ಫೈಬರ್ ಹಾಕಿಬಿಟ್ಟರೆ ಆಗಲ್ವಾ?

ಆಗುತ್ತದೆ, ಮಾರುವ ದೋಣಿಯಾಗಿದ್ದರೆ! ಕೊಂಡವನ ಶಾಪ ತಟ್ಟುತ್ತದೆ ಅಷ್ಟೇ. ಹಸಿ ಹಲಗೆಯ ಮೇಲೆ ಹೊಸ ಹಲಗೆ ಹಾಕಿದರೆ ಕೊಳೆ ಮೇಲಕ್ಕೆ ಹತ್ತುತ್ತದೆ, ಭಾರ ಬೇರೆ ಹೆಚ್ಚುತ್ತದೆ.

ತೂತು ಕೊರೆದು ರೆಸಿನ್ ಸುರಿಯುವ ಉಪಾಯವನ್ನೂ ತುಂಬಾ ಜನ ಕೇಳುತ್ತಾರೆ. ಒಣಗಿದ ಮರದಲ್ಲಿ, ಅಂಗೈಯಷ್ಟು ಜಾಗಕ್ಕಾದರೆ ಎಪಾಕ್ಸಿ ಸುರಿದು ನೋಡಬಹುದು. ಹಸಿ ಮರದೊಳಗೆ ರೆಸಿನ್ ಹೋಗುವುದೇ ಇಲ್ಲ, ಆ ಜಾಗದಲ್ಲಿ ಆಗಲೇ ನೀರು ಕೂತಿರುತ್ತದೆ.

ಯಾವ ತಿಂಗಳಲ್ಲಿ ಮಾಡಿದರೆ ಒಳ್ಳೆಯದು?

ಫೆಬ್ರವರಿ, ಮಾರ್ಚ್. ಗಾಳಿಯಲ್ಲಿ ತೇವ ಕಡಿಮೆ, ಚಳಿಯೂ ಹೋಗಿರುತ್ತದೆ. ಏಪ್ರಿಲ್ ಕೊನೆಗೆ ಮುಂಗಾರು ಪೂರ್ವದ ಗುಡುಗು ಮಳೆ ಶುರುವಾಗುತ್ತದೆ, ತೆರೆದಿಟ್ಟ ದೋಣಿಗೆ ಅದು ಆಗದು. ನೆಲ ಕಿತ್ತ ಮೇಲೆ ಮೂತಿ ಎತ್ತರಿಸಿ, ನೀರು ಹೋಗುವ ಹಿಂದಿನ ತೂತಿನ ಬಿರಡೆ ಬಿಚ್ಚಿ, ಕನಿಷ್ಠ ಎರಡು ವಾರ ಒಣಗಲು ಬಿಡಿ. ಕರಾವಳಿಯ ದೋಣಿಯಾದರೆ ಮೊದಲು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಒಳಗೆ ಉಳಿದ ಉಪ್ಪು, ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ.

ಹಳೇ ನೆಲ ಕತ್ತರಿಸುವಾಗ ಏನು ಗಮನಿಸಬೇಕು?

ದೋಣಿ ನೇರವಾಗಿ ಕೂತಿದೆಯಾ ಅನ್ನುವುದು ಮೊದಲು. ನೆಲ ಮತ್ತು ತೊಲೆ ಸೇರಿ ಒಡಲಿನ ಆಕಾರ ಹಿಡಿದಿರುತ್ತವೆ. ಅದನ್ನು ಕಿತ್ತ ಮೇಲೆ ಒಡಲು ಸೋಲುತ್ತದೆ. ಎರಡೇ ಕಡೆ ಆಸರೆ ಕೊಟ್ಟರೆ ನಡುವೆ ಜಗ್ಗಿ, ಆ ಜಗ್ಗಿದ ಆಕಾರದಲ್ಲೇ ಹೊಸ ನೆಲ ಅಂಟಿ, ದೋಣಿ ಶಾಶ್ವತವಾಗಿ ಸೊಟ್ಟ ಓಡುತ್ತದೆ. ನಾಲ್ಕೈದು ಕಡೆ ಆಸರೆ ಕೊಡಿ. ಹಳೇ ಟೈರ್, ಮರಳಿನ ಚೀಲ ಎಲ್ಲಾ ನಡೆಯುತ್ತದೆ. ಪಕ್ಕದಿಂದ ಪಕ್ಕಕ್ಕೆ ದಾರ ಕಟ್ಟಿ ಅಗಲ ಅಳೆದು ಬರೆದಿಟ್ಟುಕೊಳ್ಳಿ.

ಸರ್ಕ್ಯುಲರ್ ಸಾ ಇದ್ದರೆ ಬ್ಲೇಡಿನ ಆಳವನ್ನು ಹಲಗೆಯ ದಪ್ಪಕ್ಕೆ ಸರಿಯಾಗಿ ಇಡಿ. ಗ್ರೈಂಡರ್ ಆದರೆ ಕೈ ಹಿಡಿತದಲ್ಲಿರಲಿ. ಒಡಲಿಗೆ ಸೇರುವ ಅಂಚಿನಿಂದ 2-3 ಇಂಚು ಬಿಟ್ಟು ಕತ್ತರಿಸಿ. ಆ ಅಂಚು ಗಟ್ಟಿಯಾಗಿದ್ದರೆ ಹೊಸ ಹಲಗೆಗೆ ಅಳತೆಯ ಗುರುತಾಗುತ್ತದೆ. ಅದೂ ಕೊಳೆತಿದ್ದರೆ ಆಮೇಲೆ ಉಜ್ಜಿ ತೆಗೆಯಿರಿ. ದೊಡ್ಡ ತುಂಡುಗಳಾಗಿ ಎತ್ತಲು ನೋಡಿ, ಹೊಸದಕ್ಕೆ ಅದೇ ಅಚ್ಚು.

ಧೂಳಿನ ಬಗ್ಗೆ ಅಷ್ಟೊಂದು ಹೆದರಬೇಕಾ?

ಹೌದು. ಕರ್ಚೀಫು ಕಟ್ಟಿಕೊಂಡು ಗ್ರೈಂಡರ್ ಹಿಡಿಯುವವರನ್ನು ದಿನಾ ನೋಡುತ್ತೇವೆ. ಗಾಜಿನ ಧೂಳಿಗೆ ಕರ್ಚೀಫು ಲೆಕ್ಕಕ್ಕಿಲ್ಲ. ಕನಿಷ್ಠ ಎನ್95 ಮಾಸ್ಕ್, ಕಣ್ಣಿಗೆ ಮುಚ್ಚಿದ ಕನ್ನಡಕ, ತುಂಬು ತೋಳಿನ ಅಂಗಿ ಬೇಕು. ರೆಸಿನ್ ಹಚ್ಚುವಾಗ ಎನ್95 ಸಾಲದು, ಅದು ಆವಿಯನ್ನು ತಡೆಯುವುದಿಲ್ಲ. ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್ ತನ್ನಿ. ಮೈ ಕಡಿತ ಶುರುವಾದರೆ ಬಿಸಿನೀರು ಬೇಡ. ಉಜ್ಜದೆ ತಣ್ಣೀರು ಸುರಿದುಕೊಳ್ಳಿ. ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಒಗೆಯಲು ಹಾಕಿದರೆ ಏನಾಗುತ್ತದೆ ಅಂತ ನಾನು ಅನುಭವದಿಂದ ಹೇಳಬಲ್ಲೆ. ಬೇಡ.

ತೊಲೆಗಳನ್ನೂ ಬದಲಿಸಬೇಕಾ?

ಪಕ್ಕದಿಂದ ಡ್ರಿಲ್ ಮಾಡಿ ನೋಡಿ. ಪುಡಿ ಒಣಗಿದ್ದರೆ ಬಿಡಿ. ಕೊಳೆತಿದ್ದರೆ ಒಂದು ಬದಿಯದನ್ನು ಮೊದಲು ಮುಗಿಸಿ, ಆಮೇಲೆ ಇನ್ನೊಂದು ಬದಿ. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಆಕಾರ ಹಿಡಿಯುವವರು ಯಾರು?

ತೊಲೆಯ ಕೆಳಗೆ ಒಡಲಿನ ಹತ್ತಿರ ನೀರು ದಾಟುವ ಕಿಂಡಿ ಇರಬೇಕು, ಕಿಂಡಿಯ ಒಳಮೈಗೂ ರೆಸಿನ್ ಬಳಿದಿರಬೇಕು. ಮಾರ್ಕೋನಹಳ್ಳಿ ಅಣೆಕಟ್ಟು ತುಂಬಿದಾಗ ಸೈಫನ್ ತಾನಾಗಿಯೇ ನೀರು ಹೊರಹಾಕುತ್ತದೆ, ಗೇಟ್ ಎತ್ತುವ ಗೋಜಿಲ್ಲ. ದೋಣಿಗೆ ಆ ಭಾಗ್ಯ ಇಲ್ಲ. ಬಂದ ನೀರು ಹಿಂದಿನ ಬಿರಡೆಯವರೆಗೆ ಹರಿದು ಬರುವ ದಾರಿಯನ್ನು ನಾವೇ ಬಿಡಬೇಕು. ನನ್ನ ದೋಣಿಯಲ್ಲಿ ಈ ಕಿಂಡಿಗಳು, ದೋಣಿ ತೇಲಲಿ ಅಂತ ನೆಲದಡಿ ತುಂಬಿದ ಹಳೇ ಫೋಮ್‌ನಿಂದ ಮುಚ್ಚಿಹೋಗಿದ್ದವು. ಮೊದಲ ರಿಪೇರಿಯಲ್ಲಿ ನಾನು ಅದನ್ನು ನೋಡಲೇ ಇಲ್ಲ. ಹೊಸ ನೆಲ ಎರಡು ಮಳೆಗಾಲ ಬಾಳಿತು.

ಕೆಳಗಿನ ಫೋಮ್ ನೀರು ಕುಡಿದಿದೆ. ಬದಲಿಗೆ ಥರ್ಮಾಕೋಲ್ ತುಂಬಬಹುದಾ?

ಬೇಡ. ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಅನ್ನುವ ದ್ರವ ಇರುತ್ತದೆ, ಅದು ಥರ್ಮಾಕೋಲನ್ನು ಕರಗಿಸುತ್ತದೆ. ಪೆಟ್ರೋಲ್ ಚೆಲ್ಲಿದರೂ ಅದೇ ಕಥೆ. ಗಣಪತಿ ಮಂಟಪದಲ್ಲಿ ಉಳಿದ ಥರ್ಮಾಕೋಲ್ ಚೂರಿನ ಮೇಲೆ ಒಂದು ಹನಿ ರೆಸಿನ್ ಬಿಟ್ಟು ನೋಡಿ, ಗೊತ್ತಾಗುತ್ತದೆ.

ಮುಚ್ಚಿದ ಕಣದ (ಕ್ಲೋಸ್ಡ್ ಸೆಲ್) ಪಿಯು, ಅಂದರೆ ಪಾಲಿಯುರೆಥೇನ್ ಫೋಮ್ ತನ್ನಿ. ಒಂದು ಘನ ಅಡಿ ನೀರು ಸುಮಾರು 28 ಕಿಲೋ ತೂಗುತ್ತದೆ. ಅಷ್ಟು ಜಾಗದ ಒಣ ಫೋಮ್ ಸುಮಾರು 27 ಕಿಲೋ ಭಾರವನ್ನು ತೇಲಿಸುತ್ತದೆ. ಅದೇ ಫೋಮ್ ನೀರು ಕುಡಿದರೆ ಲೆಕ್ಕ ತಿರುಗಾಮುರುಗಾ: ಐದು ಘನ ಅಡಿ ನೆನೆದರೆ 140 ಕಿಲೋ ಹತ್ತಿರ ಸುಮ್ನೆ ಹೊತ್ತು ತಿರುಗುತ್ತೀರಿ, ಇಬ್ಬರು ಆಳು ಕೆಳಗೆ ಅಡಗಿ ಕೂತ ಹಾಗೆ. ಆದರೆ ಫೋಮ್ ತೆಗೆದು ಖಾಲಿ ಮಾತ್ರ ಬಿಡಬೇಡಿ. ದೋಣಿಗೆ ನೀರು ತುಂಬಿದ ದಿನ ಅದೇ ನಿಮ್ಮನ್ನು ಮೇಲೆ ಇಡುವುದು.

ಯಾವ ಪ್ಲೈವುಡ್?

ಐಎಸ್ 710 ಅನ್ನುವ ಭಾರತೀಯ ಮಾನಕದ ಗುರುತಿರುವ ಮರೀನ್ ಪ್ಲೈ. 14 ಅಡಿ ದೋಣಿಗೆ 12 ಮಿ.ಮೀ. ಸಾಕು, ತೊಲೆಗಳ ನಡುವೆ ಅಂತರ ಜಾಸ್ತಿ ಇದ್ದರೆ ಇನ್ನೂ ದಪ್ಪ. ಐಎಸ್ 303 ಅಂತ ಇದ್ದರೆ ಅದು ಮನೆ ಪೀಠೋಪಕರಣದ ಹಲಗೆ. ಅದರಲ್ಲೂ ಎಂಆರ್ ಅಂತ ಬರೆದಿದ್ದರೆ ಮುಟ್ಟಲೇಬೇಡಿ. ಅದು ಗಾಳಿಯ ತೇವ ತಡೆದೀತು, ನಿಂತ ನೀರನ್ನಲ್ಲ. ಬಾಯಿಮಾತಿನ 'ವಾಟರ್‌ಪ್ರೂಫ್' ನಂಬಬೇಡಿ, ಹಲಗೆಯ ಮೇಲಿನ ಮುದ್ರೆ ಓದಿ. ನಾನು ಮೊದಲ ಸಲ ನಂಬಿದ್ದು ಬಾಯಿಮಾತನ್ನೇ.

ಅಡುಗೆಮನೆ ಕಪಾಟಿಗೆ ಹಾಕುವ ಪಿವಿಸಿ ಬೋರ್ಡ್ ಕೊಳೆಯುವುದಿಲ್ಲ, ನಿಜ. ಆದರೆ ಅದಕ್ಕೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ, ಬಿಸಿಲಿಗೆ ಬಾಗುತ್ತದೆ. ನಾನಂತೂ ಹಾಕುವುದಿಲ್ಲ.

ಪಾಲಿಯೆಸ್ಟರ್ ರೆಸಿನ್ನಾ, ಎಪಾಕ್ಸಿನಾ?

ಮರಕ್ಕೂ ಹಳೇ ಫೈಬರಿಗೂ ಎಪಾಕ್ಸಿ ಚೆನ್ನಾಗಿ ಕಚ್ಚುತ್ತದೆ. ದುಡ್ಡು ಜಾಸ್ತಿ. ದುಡ್ಡು ಕಡಿಮೆ ಇದ್ದರೆ ಐಸೋ ಅನ್ನುವ ಬಗೆಯ ಪಾಲಿಯೆಸ್ಟರ್ ಸಾಕು, ಆದರೆ ಉಜ್ಜುವ ಕೆಲಸದಲ್ಲಿ ರಾಜಿ ಬೇಡ. ಎರಡನ್ನೂ ಒಂದೇ ದೋಣಿಗೆ ಬಳಸುವಾಗ ಒಂದು ಮಾತು ನೆನಪಿರಲಿ: ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಕೂರುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಕೂರುವುದಿಲ್ಲ.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಚೂರು ಚೂರು ಎಳೆಯ ಮ್ಯಾಟ್ ಇದೆಯಲ್ಲ, ಅದರ ಎಳೆಗಳನ್ನು ಹಿಡಿದಿರುವ ಅಂಟು ಸ್ಟೈರೀನ್‌ನಲ್ಲಿ ಕರಗುವಂಥದ್ದು. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಹಾಗಾಗಿ ಆ ಮ್ಯಾಟ್ ಬಿರುಸಾಗೇ ಉಳಿದು ಮೂಲೆಗಳಲ್ಲಿ ಎದ್ದು ಕೂರುತ್ತದೆ. ಎಪಾಕ್ಸಿಗೆ ನೇಯ್ದ ಗಾಜಿನ ಬಟ್ಟೆ ತನ್ನಿ.

ಹಾರ್ಡನರ್ ಎಷ್ಟು ಹಾಕಬೇಕು? ಕೋಬಾಲ್ಟ್ ಅಂದರೇನು?

ಇದನ್ನು ಎರಡು ಸಲ ಓದಿ. ಪಾಲಿಯೆಸ್ಟರ್‌ಗೆ ಎರಡು ದ್ರವ ಬೇಕು. ಕೋಬಾಲ್ಟ್ ವೇಗ ಕೊಡುವುದು, ಎಂಇಕೆಪಿ ಗಟ್ಟಿ ಮಾಡುವುದು. ಇವೆರಡನ್ನು ನೇರವಾಗಿ ಒಂದಕ್ಕೊಂದು ಎಂದೂ ಬೆರೆಸಬೇಡಿ. ಬೆಂಕಿ ಹತ್ತಬಹುದು, ಸಿಡಿಯಬಹುದು. ಕೋಬಾಲ್ಟನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಎಂಇಕೆಪಿ ಕೊನೆಗೆ. ಅಂಗಡಿಯಲ್ಲೇ ಕೋಬಾಲ್ಟ್ ಬೆರೆಸಿದ ರೆಸಿನ್ ಸಿಕ್ಕರೆ ಅದನ್ನೇ ತನ್ನಿ, ಆಗ ಈ ತಲೆನೋವೇ ಇಲ್ಲ. ಎಂಇಕೆಪಿ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ತಕ್ಷಣ ಧಾರಾಳ ನೀರಲ್ಲಿ ತೊಳೆಯುತ್ತಲೇ ಆಸ್ಪತ್ರೆಗೆ ಹೋಗಿ.

ಅಳತೆ: ಒಂದು ಕಿಲೋ ರೆಸಿನ್‌ಗೆ 10 ರಿಂದ 20 ಗ್ರಾಂ ಎಂಇಕೆಪಿ. ಮಾರ್ಚ್ ಬಿಸಿಲಿಗೆ 10ರ ಹತ್ತಿರ, ಡಿಸೆಂಬರ್ ಚಳಿಗೆ 20ರ ಹತ್ತಿರ. 10ಕ್ಕಿಂತ ಕಡಿಮೆ ಮಾಡಿದರೆ ಪೂರ್ತಿ ಗಟ್ಟಿಯಾಗುವುದಿಲ್ಲ. ಎಪಾಕ್ಸಿಯಲ್ಲಿ ಈ ಆಟ ಇಲ್ಲ, ಡಬ್ಬದ ಮೇಲಿನ ಅಳತೆಯೇ ಅಳತೆ.

ಒಂದು ಸಲಕ್ಕೆ ಅರ್ಧ ಕಿಲೋಗಿಂತ ಜಾಸ್ತಿ ಕಲಸಬೇಡಿ. ಒಮ್ಮೆ ನಾನು ಮಧ್ಯಾಹ್ನ ಎರಡು ಕಿಲೋ ಕಲಸಿ ಬಕೆಟ್ ಹಾಗೇ ಇಟ್ಟು ಚಹಾಕ್ಕೆ ಹೋದೆ. ವಾಪಸ್ ಬರುವಷ್ಟರಲ್ಲಿ ಹೊಗೆ ಏಳುತ್ತಿತ್ತು, ಬಕೆಟ್ ತಳ ಕರಗಿತ್ತು. ಬೆಳಿಗ್ಗೆ ಹತ್ತರೊಳಗೆ ಕೆಲಸ ಮುಗಿಸಿ, ಅಗಲ ತಟ್ಟೆಯಲ್ಲಿ ತೆಳ್ಳಗೆ ಸುರಿದಿಟ್ಟುಕೊಳ್ಳಿ. ಹತ್ತಿರ ಬೀಡಿ, ವೆಲ್ಡಿಂಗ್ ಯಾವುದೂ ಬೇಡ.

ಹೊಸ ಹಲಗೆ ಕೂರಿಸುವುದು ಹೇಗೆ?

ಅರ್ಧಕ್ಕರ್ಧ ಕೆಲಸ ಉಜ್ಜುವುದರಲ್ಲಿದೆ. ಒಡಲಿನ ಒಳಮೈಯನ್ನು ಹಲಗೆ ಸೇರುವ ಗೆರೆಯಿಂದ ಮೇಲಕ್ಕೆ 4-6 ಇಂಚು, 40 ನಂಬರ್ ಉಜ್ಜುಕಾಗದದಲ್ಲಿ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ. ಬಣ್ಣ, ಜಿಡ್ಡು ಉಳಿದರೆ ಹೊಸ ಫೈಬರ್ ಒಂದು ವರ್ಷದಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ಧೂಳು ಒರೆಸಿ, ಅಸಿಟೋನ್‌ನಲ್ಲಿ ಇನ್ನೊಮ್ಮೆ ಒರೆಸಿ.

ಹಲಗೆಯನ್ನು ಅಳತೆಗೆ ಕತ್ತರಿಸಿ, ಒಡಲಿಗೆ ಒತ್ತಿಕೊಳ್ಳದ ಹಾಗೆ ಸುತ್ತ ಕಾಲು ಇಂಚು ಸಂದು ಬಿಡಿ. ಈಗ ಎಲ್ಲರೂ ಮರೆಯುವ ಕೆಲಸ: ಹಲಗೆಯ ಕೆಳಮೈಗೂ ನಾಲ್ಕೂ ಅಂಚಿಗೂ ಕೂರಿಸುವ ಮೊದಲೇ ರೆಸಿನ್ ಕುಡಿಸಿ, ಕೆಳಗೆ ಒಂದು ಪದರ ಮ್ಯಾಟ್ ಹಾಕಿ ಒಣಗಿಸಿ. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದಲೇ, ಹತ್ತಿ ಬತ್ತಿ ಎಣ್ಣೆ ಕುಡಿದ ಹಾಗೆ. ಮೊದಲ ಸಲ ನಾನು ಮೇಲ್ಮೈಗೆ ಮಾತ್ರ ಮೂರು ಪದರ ಹಾಕಿ ಮೆರೆದಿದ್ದೆ.

ತೊಲೆಗಳ ಮೇಲೆ ಗಟ್ಟಿ ರೆಸಿನ್ ಪುಟ್ಟಿ ಬಳಿದು ಹಲಗೆ ಇಡಿ, ಮೇಲೆ ಮರಳಿನ ಚೀಲ ಹೇರಿ. ಸುತ್ತಲಿನ ಸಂದಿಗೆ ಪುಟ್ಟಿ ತುಂಬಿ, ಚಮಚದ ಬೆನ್ನಿನಿಂದ ದುಂಡಗೆ ಸವರಿ. ಚೂಪು ಮೂಲೆಯಲ್ಲಿ ಗಾಜಿನ ಬಟ್ಟೆ ಬಾಗದೆ ಗಾಳಿ ಸೇರಿಕೊಳ್ಳುತ್ತದೆ. ಆ ದುಂಡಿನ ಮೇಲೆ ಹಲಗೆಗೂ ಒಡಲಿಗೂ ಸೇರುವಂತೆ ಮೊದಲು 4 ಇಂಚಿನ ಪಟ್ಟಿ, ಮೇಲೆ 6 ಇಂಚಿನದು. ಕೊನೆಗೆ ಇಡೀ ನೆಲಕ್ಕೆ ಎರಡು ಪದರ. ಪ್ರತಿ ಪದರಕ್ಕೂ ರೋಲರ್ ಹಾಕಿ ಗಾಳಿ ಗುಳ್ಳೆ ಓಡಿಸಿ. ಬಿಳಿ ಚುಕ್ಕೆ ಕಂಡರೆ ಅಲ್ಲಿ ರೆಸಿನ್ ಹೋಗಿಲ್ಲ ಅಂತ ಅರ್ಥ.

ಒಟ್ಟು ಎಷ್ಟು ಸಾಮಾನು ಬೇಕಾಗುತ್ತದೆ?

3 ಅಡಿ ಅಗಲ, 8 ಅಡಿ ಉದ್ದದ ನೆಲ ಅಂದರೆ ಸುಮಾರು 2.2 ಚದರ ಮೀಟರ್. 8 ಅಡಿಗೆ 4 ಅಡಿಯ ಒಂದೇ ಹಲಗೆ ಸಾಕು. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್, ಮೇಲೆ ಎರಡು, ಕೆಳಗೆ ಒಂದು ಪದರ ಅಂದರೆ 3 ಕಿಲೋ ಮ್ಯಾಟ್. ಮ್ಯಾಟ್‌ನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ. ಪಟ್ಟಿ, ಪುಟ್ಟಿ, ಮರಕ್ಕೆ ಕುಡಿಸುವುದು ಎಲ್ಲಾ ಸೇರಿ 10 ಕಿಲೋ ಇಟ್ಟುಕೊಳ್ಳಿ. ತೊಲೆ ಬದಲಿಸಿದರೆ ಇದು ಸಾಲದು.

ಮರುದಿನವೂ ಮೇಲ್ಮೈ ಅಂಟಂಟಾಗಿದೆ. ಕೆಟ್ಟುಹೋಯಿತಾ?

ಪಾಲಿಯೆಸ್ಟರ್ ಆದರೆ ಗಾಬರಿ ಬೇಡ. ಗಾಳಿ ತಾಗುವ ಮೇಲ್ಪದರ ಅಂಟಾಗಿಯೇ ಉಳಿಯುತ್ತದೆ, ಮುಂದಿನ ಪದರಕ್ಕೆ ಅದು ಅನುಕೂಲವೇ. ಕೊನೇ ಕೋಟ್‌ಗೆ ಮಾತ್ರ ವ್ಯಾಕ್ಸ್ ಬೆರೆಸಿದ ರೆಸಿನ್ ಹಚ್ಚಿ. ಉಗುರು ಊರಿದರೆ ಒಳಕ್ಕೆ ಇಳಿಯುವಷ್ಟು ಮೆತ್ತಗಿದ್ದರೆ ಹಾರ್ಡನರ್ ಅಳತೆ ತಪ್ಪಿದೆ, ಕೆರೆದು ತೆಗೆಯಬೇಕು. ಎಪಾಕ್ಸಿ ಮೇಲೆ ಜಿಡ್ಡು ಜಿಡ್ಡಾಗಿದ್ದರೆ ನೀರು ಹಾಕಿ ಸ್ಕ್ರಬ್ಬರ್‌ನಲ್ಲಿ ತಿಕ್ಕಿ ತೊಳೆಯಿರಿ, ಆಮೇಲೆ ಉಜ್ಜಿ.

ಸೀಟು, ರಾಡ್ ಹೋಲ್ಡರ್ ಮತ್ತೆ ಸ್ಕ್ರೂ ಮಾಡಬಹುದಾ?

ಕೊಳೆ ಶುರುವಾಗಿದ್ದೇ ಅಲ್ಲಿಂದ ಅಲ್ವಾ? ಸ್ಕ್ರೂಗಿಂತ ದೊಡ್ಡ ತೂತು ಕೊರೆದು, ಎಪಾಕ್ಸಿ ಪುಟ್ಟಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಮಾಡಿ. ಆಗ ಸ್ಕ್ರೂ ಮರಕ್ಕೆ ತಾಗುವುದೇ ಇಲ್ಲ. ಸ್ಟೇನ್‌ಲೆಸ್ ಸ್ಕ್ರೂ ಬಳಸಿ, ತಲೆಯಡಿ ಪಿಯು ಸೀಲಂಟ್ ಹಚ್ಚಿ. ಬಾತ್‌ರೂಮಿನ ಸಿಲಿಕೋನ್ ಬೇಡ, ಅದು ಒಮ್ಮೆ ಬಳಿದ ಜಾಗಕ್ಕೆ ಮುಂದೆ ಬಣ್ಣವೂ ಹಿಡಿಯುವುದಿಲ್ಲ.

ನೆಲ ಜಾರುತ್ತದೆ. ಏನು ಮಾಡೋದು?

ಕಾಟ್ಲಾ ಮೀನು ಒದ್ದಾಡಿದ ಲೋಳೆ ಬಿದ್ದರಂತೂ ಗಾಜಿನ ಮೇಲೆ ನಿಂತ ಹಾಗೆ. ಬಣ್ಣದ ಮೊದಲ ಕೋಟ್ ಹಸಿ ಇರುವಾಗಲೇ ಜರಡಿ ಹಿಡಿದ ಒಣ ಮರಳು ಉದುರಿಸಿ, ಒಣಗಿದ ಮೇಲೆ ಸಡಿಲ ಮರಳು ಗುಡಿಸಿ, ಇನ್ನೊಂದು ಕೋಟ್ ಕೊಡಿ.

ನನ್ನಿಂದ ಆಗಲ್ಲ. ತುಮಕೂರಲ್ಲಿ ಯಾರ ಹತ್ತಿರ ಮಾಡಿಸಲಿ?

ದೋಣಿ ಕಟ್ಟುವವರನ್ನು ಹುಡುಕುತ್ತಾ ಮಲ್ಪೆವರೆಗೆ ಹೋಗಬೇಕಿಲ್ಲ. ಫೈಬರ್ ಬಾಗಿಲು, ನೀರಿನ ತೊಟ್ಟಿ, ಪಾರ್ಕಿನ ಜಾರುಬಂಡೆ ಮಾಡುವವರಿಗೆ ಇದೇ ಕೈಕೆಲಸ ಗೊತ್ತು. ಅಂತರಸನಹಳ್ಳಿ, ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿ. ಆದರೆ ಅವರಿಗೆ ದೋಣಿ ಗೊತ್ತಿರುವುದಿಲ್ಲ. ಆಸರೆ ಕೊಡುವುದು, ಕಿಂಡಿ ಬಿಡುವುದು, ಅಂಚಿಗೆ ರೆಸಿನ್ ಕುಡಿಸುವುದು, ಈ ಮೂರಕ್ಕೆ ನೀವು ಪಕ್ಕದಲ್ಲೇ ನಿಂತಿರಬೇಕು. ಮೇಲಿಂದ ಚಂದ ಕಾಣುವ ಹಾಗೆ ಅವರು ಮಾಡಿಯೇ ಕೊಡುತ್ತಾರೆ.

ಫೈಬರ್ ಹರಿಗೋಲು ಇರುವವರೂ ಫೋನ್ ಮಾಡುತ್ತಾರೆ. ಬಹುತೇಕ ಅದರೊಳಗೆ ಮರವೇ ಇರುವುದಿಲ್ಲ. ಬಿರುಕಿಗೆ ತೇಪೆ ಹಾಕಿದರೆ ಆಯಿತು.

ರಿಪೇರಿ ಆದ ಮೇಲೆ ದೋಣಿ ಹೇಗೆ ಇಡಬೇಕು?

ಸಣ್ಣದಾದರೆ ಕವುಚಿ ಇಡಿ. ದೊಡ್ಡದಾದರೆ ಮೂತಿ ಒಂದಡಿ ಎತ್ತರಿಸಿ, ಬಿರಡೆ ಬಿಚ್ಚಿ, ಟಾರ್ಪಾಲ್ ಹೊದಿಸಿ. ಟಾರ್ಪಾಲ್ ನಡುವೆ ಬಿದಿರು ಕೊಟ್ಟು ಇಳಿಜಾರು ಮಾಡಿ, ಎರಡೂ ಕೊನೆ ಗಾಳಿಯಾಡಲು ತೆರೆದಿರಲಿ. ಬಿರಡೆಯನ್ನು ಎಂಜಿನ್ ಬೀಗದ ಕೈಗೇ ಕಟ್ಟಿಡಿ. ನಾನು ಒಂದು ಸಲ ಅದನ್ನು ಮನೆಯಲ್ಲೇ ಬಿಟ್ಟು ದೋಣಿ ನೀರಿಗಿಳಿಸಿ, ಅರ್ಧ ಗಂಟೆ ಹೆಬ್ಬೆರಳು ಒತ್ತಿಕೊಂಡು ಕೂತಿದ್ದೆ.